ಕೇವಲಜ್ಞಾನ ಮತ್ತು ಮೋಕ್ಷ: ಬಾಹುಬಲಿ ಪ್ರಸಂಗದ ಹಿನ್ನೆಲೆಯಲ್ಲಿ

ಜೈನದರ್ಶನವನ್ನು ಕುರಿತ ಸಾಮಾನ್ಯ ಬರಹಗಳಲ್ಲಿ ಕೇವಲಜ್ಞಾನ, ಮೋಕ್ಷ ಎಂಬ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇವೆರಡೂ ಒಂದಲ್ಲ. ಈ ವ್ಯತ್ಯಾಸವನ್ನು ಗ್ರಹಿಸದೆ ಜೈನಪುರಾಣಗಳ ಕಥಾಂತ್ಯವನ್ನು ಸರಿಯಾಗಿ ಅರ್ಥೈಸಲಾಗದು.

ಜೈನರ ದೃಷ್ಟಿಯಲ್ಲಿ ಅನಂತಜ್ಞಾನವು ಜೀವದ ಸ್ವಭಾವವೇ ಆಗಿದೆ. ಅದು ಹೊರಗಿನಿಂದ ಬಂದು ಸೇರುವಂಥದಲ್ಲ. ಕರ್ಮದ ಆವರಣ ಸರಿದಾಗ ತಾನಾಗಿ ಪ್ರಕಟವಾಗುವಂಥದು. ಎಂಟು ಕರ್ಮಗಳಲ್ಲಿ ಜ್ಞಾನಾವರಣೀಯ, ದರ್ಶನಾವರಣೀಯ, ಮೋಹನೀಯ, ಅಂತರಾಯ ಎಂಬ ನಾಲ್ಕು ಜೀವದ ಗುಣಗಳನ್ನೇ ಕೆಡಿಸುವುದರಿಂದ ಘಾತಿಕರ್ಮಗಳೆನಿಸುತ್ತವೆ. ವೇದನೀಯ, ಆಯು, ನಾಮ, ಗೋತ್ರ ಎಂಬ ಅಘಾತಿಗಳು ದೇಹಸ್ಥಿತಿಗೆ ಸಂಬಂಧಿಸಿದವು. ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯವು ಹೇಳುವ ಕ್ರಮ ಗಮನಾರ್ಹವಾದುದು: ಮೊದಲು ಮೋಹದ ಕ್ಷಯ, ಅನಂತರ ಉಳಿದ ಮೂರು ಘಾತಿಗಳ ಕ್ಷಯ, ಆಗ ಕೇವಲಜ್ಞಾನ. ಅಂದರೆ ಅಜ್ಞಾನಕ್ಕಿಂತ ಮೊದಲು ಅಳಿಯಬೇಕಾದುದು ಮೋಹ.

ಬಾಹುಬಲಿಯ ಪ್ರಸಂಗ ಈ ತತ್ತ್ವಕ್ಕೆ ಒಳ್ಳೆಯ ನಿದರ್ಶನ. ಅಣ್ಣ ಭರತನನ್ನು ಗೆದ್ದೂ ರಾಜ್ಯವನ್ನು ತೊರೆದ ಆತ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ. ಮೈಗೆ ಬಳ್ಳಿ ಹಬ್ಬಿತು, ಕಾಲಬಳಿ ಹುತ್ತ ಬೆಳೆಯಿತು. ಆದರೂ ಕೇವಲಜ್ಞಾನ ಉದಯಿಸಲಿಲ್ಲ. 9ನೆಯ ಶತಮಾನದ ಜಿನಸೇನಾಚಾರ್ಯರ ಪ್ರಕಾರ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಸ್ನೇಹಭಾವ ಆತನಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಅದು ಕಳೆಯಿತು. 12ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರಲ್ಲಿ ಅಡ್ಡಿಯಾದುದು, ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ತಾನು ವಂದಿಸಬೇಕಲ್ಲಾ ಎಂಬ ಮಾನ. ತಾನಿನ್ನೂ ಭರತನ ನೆಲದ ಮೇಲೆ ನಿಂತಿದ್ದೇನೆಂಬ ಕೊರಗೇ ಕಾರಣವೆಂಬ ಮಾತು ಕನ್ನಡನಾಡಿನಲ್ಲಿ ಪ್ರಚಲಿತವಾಗಿದೆ. ಸ್ನೇಹ, ಮಾನ, ಕೊರಗು ಮೂರೂ ಮೋಹನೀಯದ ಎಳೆಗಳೇ. ರಾಜ್ಯವನ್ನು ತೊರೆಯುವುದಕ್ಕಿಂತ ಈ ಎಳೆಯನ್ನು ಕಡಿಯುವುದು ಕಠಿನವೆಂಬಲ್ಲಿ ಮೂರು ನಿರೂಪಣೆಗಳೂ ಒಂದಾಗುತ್ತವೆ. ಸು. ಕ್ರಿ.ಶ. 981ರಲ್ಲಿ ಶ್ರವಣಬೆಳಗೊಳದಲ್ಲಿ ಚಾವುಂಡರಾಯ ನಿಲ್ಲಿಸಿದ ಮೂರ್ತಿಯ ಮೇಲಿನ ಬಳ್ಳಿಗಳು ಈ ತಪಸ್ಸಿನ ಅವಧಿಯನ್ನೇ ಸೂಚಿಸುತ್ತವೆ.

ಕೇವಲಜ್ಞಾನ ಪಡೆದ ಕೂಡಲೇ ಮೋಕ್ಷವಾಗುವುದಿಲ್ಲ. ಹದಿಮೂರನೆಯ ಗುಣಸ್ಥಾನದ ಸಯೋಗಕೇವಲಿಗೆ ಅಘಾತಿಗಳು ಉಳಿದಿರುವುದರಿಂದ ದೇಹವಿರುತ್ತದೆ. ಹದಿನಾಲ್ಕನೆಯ ಅಯೋಗಕೇವಲಿ ಸ್ಥಿತಿ ಐದು ಹ್ರಸ್ವಾಕ್ಷರಗಳನ್ನು ಉಚ್ಚರಿಸುವಷ್ಟೇ ಕಾಲ. ಅನಂತರ ಸರ್ವಕರ್ಮಮುಕ್ತವಾದ ಜೀವ, ಮಣ್ಣಿನ ಲೇಪ ಕರಗಿದ ಸೋರೆಬುರುಡೆ ನೀರಿನ ಮೇಲಕ್ಕೆ ಏಳುವಂತೆ, ಲೋಕಾಗ್ರವನ್ನು ಸೇರಿ ಸಿದ್ಧವಾಗುತ್ತದೆ.

ಸಿದ್ಧರು ಎಲ್ಲ ಕರ್ಮಗಳನ್ನೂ ಕಳೆದವರಾದರೂ ಪಂಚನಮಸ್ಕಾರದಲ್ಲಿ ಮೊದಲ ವಂದನೆ ಅರ್ಹಂತರಿಗೆ. ಸಿದ್ಧರು ಮಾತಿಗೆ ಅತೀತರು. ದೇಹವಿರುವ ಅರ್ಹಂತರು ಮಾತ್ರ ಮಾರ್ಗವನ್ನು ಬೋಧಿಸಬಲ್ಲರು. ಆದುದರಿಂದ ಅರಿವಿಗೂ ಬಿಡುಗಡೆಗೂ ನಡುವಣ ಅವಧಿ ಕೇವಲ ವಿಳಂಬವಲ್ಲ. ಉಳಿದ ಜೀವಗಳಿಗೆ ದಾರಿ ದೊರೆಯುವುದು ಆ ಅವಧಿಯಿಂದಲೇ.