ದೋಣಿಮನೆಯಲ್ಲಿ ಯಾವ ಕೋಣೆ?

ಪರವೂರಿನ ನಂಟರು ಬಂದರೆ ಹಿಂದೆಲ್ಲ ನಮ್ಮ ಕಡೆಯವರು ಬೇಕಲದ ಕೋಟೆ, ಮಧೂರು, ಅನಂತಪುರದ ಸರೋವರ ಕ್ಷೇತ್ರ ಇಷ್ಟನ್ನು ತೋರಿಸಿ ಕಳುಹಿಸಿಕೊಡುತ್ತಿದ್ದರು. ಈಗ ಬರುವವರು ಹೊರಡುವ ಮೊದಲೇ ಕೇಳುವುದು ನೀಲೇಶ್ವರದ ಕೋಟಪ್ಪುರದಿಂದ ಹೊರಡುವ ದೋಣಿಮನೆಯ ವಿಚಾರವನ್ನು. ಪೀಳಮೇಡಿನಲ್ಲಿರುವ ನಮ್ಮ ಪರಿಚಯದ ಒಂದು ಕುಟುಂಬ ಈಚೆಗೆ ಇದನ್ನೇ ವಿಚಾರಿಸಿತು. ಮೇಲಂತಸ್ತಿನ ಕೋಣೆಯೋ, ಕೆಳಗಿನದೋ? ಹಿಂಬದಿಯ ದೊಡ್ಡದೋ, ಮುಂಬದಿಯ ಚಿಕ್ಕದೋ? ಹವಾನಿಯಂತ್ರಣಕ್ಕೆ ಹೆಚ್ಚು ಹಣ ತೆರಬೇಕೋ, ಬೇಡವೋ? ಇಂತಹ ಪ್ರಶ್ನೆ ನಮ್ಮ ವಾಚಕರ ಮನೆಗಳಿಗೂ ಬರುವುದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಪೀಳಮೇಡೆಂದರೆ ಕೊಯಮತ್ತೂರಿನ ಪೂರ್ವಭಾಗ. ಹತ್ತಿ ಗಿರಣಿ, ಪಂಪು, ಮೋಟರು, ಪಿ.ಎಸ್.ಜಿ. ವಿದ್ಯಾಸಂಸ್ಥೆಗಳು, ವಿಮಾನ ನಿಲ್ದಾಣ ಇವುಗಳಿಂದ ಹೆಸರಾದ ಊರು. ಕೊಯಮತ್ತೂರು ಮತ್ತು ತಿರುಪ್ಪೂರು ಸೀಮೆಯ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಇಂದಿಗೂ ಕನ್ನಡವೇ ನಡೆಯುತ್ತದೆ. ಓದುಬರಹ ಮಾತ್ರ ತಮಿಳಿನಲ್ಲಿ. ನಮಗೆ ಪತ್ರ ಬರೆದ ಮನೆಯೂ ಅಂಥದ್ದೇ. ಎಂಟು ಜನ, ಅವರಲ್ಲಿ ಎಂಬತ್ತು ದಾಟಿದ ಅಜ್ಜಿ, ಶಾಲೆಗೆ ಹೋಗುವ ಮಕ್ಕಳಿಬ್ಬರು. ಅವರ ಪಾಲಿನ ಹೊಳೆ ನೊಯ್ಯಲ್. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ನೀರನ್ನು ವರ್ಷಗಟ್ಟಲೆ ಹೊತ್ತು ಸೊರಗಿದ ಆ ಹೊಳೆಯಲ್ಲಿ ದೋಣಿವಿಹಾರದ ಮಾತು ಎಲ್ಲಿಂದ ಬರಬೇಕು? ಎಂಟು ಜನರಲ್ಲಿ ಈಜು ಬಲ್ಲವರು ಒಬ್ಬರೂ ಇಲ್ಲ. ಕೋಣೆಯ ಪ್ರಶ್ನೆಗೆ ಉತ್ತರ ಹೇಳುವಾಗ ನಮ್ಮ ಮನಸ್ಸಿನಲ್ಲಿ ಮೊದಲು ನಿಂತದ್ದು ಈ ಸಂಗತಿಯೇ.

ದೋಣಿಮನೆಯ ಮೂಲರೂಪ ಕೆಟ್ಟುವಳ್ಳ. ಮಲಯಾಳದಲ್ಲಿ 'ಕೆಟ್ಟು' ಎಂದರೆ ಕಟ್ಟು, 'ವಳ್ಳ' ಎಂದರೆ ದೋಣಿ. ಹೆಬ್ಬಲಸಿನ ಹಲಗೆಗಳನ್ನು ಒಂದೂ ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಬಿಗಿದು, ಗೇರುಬೀಜದಿಂದ ತೆಗೆದ ಕರಿಯ ಅಂಟನ್ನು ಬಳಿದು ಮಾಡುತ್ತಿದ್ದ ಈ ದೋಣಿಗಳು ಹಿಂದೆ ಅಕ್ಕಿ ಮತ್ತು ತೆಂಗಿನಕಾಯಿ ಸಾಗಿಸುತ್ತಿದ್ದವು. ರಸ್ತೆಯೂ ಲಾರಿಯೂ ಬಂದಮೇಲೆ ಅವುಗಳಿಗೆ ಕೆಲಸ ತಪ್ಪಿತು. ಅಕ್ಕಿಮೂಟೆ ಇದ್ದಲ್ಲಿ ಮಂಚ ಹಾಕಿ ಪ್ರವಾಸಿಗರನ್ನು ಮಲಗಿಸುವ ಉಪಾಯ ಮೊದಲು ಫಲಿಸಿದ್ದು ಆಲಪ್ಪುಳದ ಕಡೆ. ನಮ್ಮ ಜಿಲ್ಲೆಯಲ್ಲಿ ದೋಣಿಗಳು ಕೋಟಪ್ಪುರದಿಂದ ಹೊರಟು ವಲಿಯಪರಂಬದ ಹಿನ್ನೀರಿಗೆ ಹೋಗುತ್ತವೆ. ಪಶ್ಚಿಮಕ್ಕೆ ಮರಳಿನ ಉದ್ದನೆಯ ಪಟ್ಟಿ, ಅದರಾಚೆ ಕಡಲು. ಪೂರ್ವಕ್ಕೆ ತೆಂಗಿನ ತೋಟಗಳ ದಡ. ಆಲಪ್ಪುಳದಷ್ಟು ದೋಣಿಗಳ ನೂಕುನುಗ್ಗಲು ಇಲ್ಲಿಲ್ಲ. ಈ ಒಂದು ವಿಷಯದಲ್ಲಿ ಉತ್ತರದವರಾದ ನಾವು ಭಾಗ್ಯವಂತರೆನ್ನಬೇಕು.

ಸಾಮಾನ್ಯವಾಗಿ ದೋಣಿಯ ಮುಂಭಾಗದಲ್ಲಿ ಚಾಲಕನೂ ಕುಳಿತುಕೊಳ್ಳುವ ಚಾವಡಿಯೂ, ನಡುವೆ ಕೋಣೆಗಳ ಸಾಲೂ, ಹಿಂದೆ ಅಡುಗೆಮನೆ ಮತ್ತು ಯಂತ್ರವೂ ಇರುತ್ತವೆ. ಕೋಣೆಗಳು ಒಂದು ಪಕ್ಕಕ್ಕೆ, ಓಡಾಡುವ ಓಣಿ ಇನ್ನೊಂದು ಪಕ್ಕಕ್ಕೆ. ಮಧ್ಯಾಹ್ನ ದಕ್ಷಿಣಕ್ಕೆ ಹೋಗುವಾಗ ಬಲಗಡೆಯ ಕೋಣೆಗೆ ಬಿಸಿಲೂ ಕಡಲಗಾಳಿಯೂ ಒಟ್ಟಿಗೆ ಬರುತ್ತವೆ. ಮರುದಿನ ತಿರುಗಿ ಬರುವಾಗ ಅದೇ ಕೋಣೆ ಪೂರ್ವಕ್ಕೆ ಮುಖ ಮಾಡುತ್ತದೆ. ಆದ್ದರಿಂದ ನೋಟದ ಸಲುವಾಗಿ ಬಲವೋ ಎಡವೋ ಎಂದು ಚರ್ಚಿಸುವುದು ವ್ಯರ್ಥ. ಹಗಲು ಹೇಗೂ ಎಲ್ಲರೂ ಚಾವಡಿಯಲ್ಲೇ ಕುಳಿತಿರುತ್ತಾರೆ. ಸಂಜೆ ಬೆಸ್ತರು ಬಲೆ ಬೀಸುವ ಹೊತ್ತಿಗೆ ದೋಣಿಯನ್ನು ದಡಕ್ಕೆ ಕಟ್ಟುವುದು ಪದ್ಧತಿ. ದೋಣಿಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದರಂತೂ ಕಿಟಿಕಿಯಿಂದ ಕಾಣುವುದು ನೆರೆಯ ದೋಣಿಯ ಕಿಟಿಕಿ. ಯುರೋಪಿನ ರೈನ್, ಡ್ಯಾನ್ಯೂಬ್ ನದಿಗಳ ದೊಡ್ಡ ಹಡಗುಗಳಲ್ಲಿ ಸಾವಿರಗಟ್ಟಲೆ ತೆತ್ತವರ ಪಾಡೂ ಇದೇ.

ಹಿಂಬದಿಯ ದೊಡ್ಡ ಕೋಣೆಗೆ ಯಂತ್ರದ ಸದ್ದು ಮತ್ತು ನಡುಕ, ಒಗ್ಗರಣೆಯ ಹೊಗೆ, ರಾತ್ರಿ ಜನರೇಟರಿನ ಗುಂಯ್‌ಗುಡುವಿಕೆ ಎಲ್ಲವೂ ಉಚಿತ. ಹವಾನಿಯಂತ್ರಣ ಅನೇಕ ದೋಣಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮಾತ್ರ. ಹಣ ಕೊಡುವ ಮೊದಲು ಇದನ್ನು ಕೇಳಿಕೊಳ್ಳದವರು ಮಧ್ಯಾಹ್ನ ಬೆವರುತ್ತಾ ಜಗಳವಾಡುವುದುಂಟು.

ಇಷ್ಟು ಸುಖದ ಮಾತಾಯಿತು. ಪ್ರಾಣದ ಮಾತು ಬೇರೆ.

2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ 'ಜಲಕನ್ಯಕ' ಎಂಬ ಎರಡಂತಸ್ತಿನ ದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಪಕ್ಕಕ್ಕೆ ಸರಿದಾಗ ದೋಣಿ ವಾಲಿತು. ಸತ್ತವರಲ್ಲಿ ಹೆಚ್ಚಿನವರು ಪರರಾಜ್ಯದ ಯಾತ್ರಿಕರು. 2023ರ ಮೇ 7ರ ಸಂಜೆ ತಾನೂರಿನಲ್ಲಿ ಮೀನುಗಾರಿಕೆಯ ದೋಣಿಯನ್ನು ಎರಡಂತಸ್ತು ಮಾಡಿ ಓಡಿಸುತ್ತಿದ್ದುದು ಮಗುಚಿ 22 ಜನ ಮಡಿದರು. ಅವರಲ್ಲಿ ಬಹಳ ಮಂದಿ ಮಕ್ಕಳು. ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದರು, ಕತ್ತಲಾಗಿತ್ತು, ಕೆಳಗಿದ್ದವರು ಹೊರಬರಲಾಗದೆ ಒಳಗೇ ಸಿಲುಕಿದರು. ಕೊಯಮತ್ತೂರಿನಿಂದ ನಮ್ಮೂರಿಗೆ ಬರುವ ರೈಲು ಈ ತಾನೂರನ್ನು ದಾಟಿಯೇ ಬರುತ್ತದೆ. ಶಾಲಾಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ನಮ್ಮಂಥ ಅಧ್ಯಾಪಕರಂತೂ ತಟ್ಟೇಕ್ಕಾಡನ್ನು ಮರೆಯುವಂತಿಲ್ಲ. 2007ರ ಫೆಬ್ರವರಿ 20ರಂದು ಅಲ್ಲಿ ಪೆರಿಯಾರ್ ಹೊಳೆಯಲ್ಲಿ ಮುಳುಗಿದವರು 15 ಮಕ್ಕಳು, 3 ಅಧ್ಯಾಪಕರು.

ಇವು ರಾತ್ರಿ ತಂಗುವ ದೋಣಿಮನೆಗಳಲ್ಲ, ನಿಜ. ದೋಣಿಮನೆ ತಳ ಅಗಲವಾದ, ನಿಧಾನವಾಗಿ ಸಾಗುವ ದೋಣಿ. ಆದರೆ ಅದರಲ್ಲೂ ಮೇಲಂತಸ್ತು ಕಟ್ಟುತ್ತಾರೆ, ಅದರಲ್ಲೂ ಜನ ಒಂದು ಪಕ್ಕಕ್ಕೆ ಓಡುತ್ತಾರೆ. ಅಡುಗೆಯ ಗ್ಯಾಸ್, ಜನರೇಟರಿನ ಎಣ್ಣೆ, ಒಣಗಿದ ಬಿದಿರು ಮತ್ತು ಚಾಪೆಯ ಮಾಡು ಒಂದೇ ಕಡೆ ಇರುವುದರಿಂದ ಬೆಂಕಿಯ ಭಯವೂ ಇದೆ. ಆಲಪ್ಪುಳದಲ್ಲಿ ದೋಣಿಮನೆಗಳು ಉರಿದದ್ದು ಒಂದು ಬಾರಿಯಲ್ಲ. ಆದಕಾರಣ ಕೋಣೆಯನ್ನು ಆರಿಸುವವನು ಕಿಟಿಕಿಯಿಂದ ಏನು ಕಾಣುತ್ತದೆ ಎನ್ನುವುದಕ್ಕಿಂತ, ಆ ಕಿಟಿಕಿಯಿಂದ ತಾನು ಹೊರಗೆ ಬರಬಹುದೇ ಎಂಬುದನ್ನು ಮೊದಲು ನೋಡಬೇಕು.

ಪೀಳಮೇಡಿನವರಿಗೆ ನಾವು ತಿಳಿಸಿದ್ದು ಹೀಗೆ. ಅಜ್ಜಿಗೂ ಮಕ್ಕಳಿಗೂ ಚಾವಡಿಗೆ ತಾಗಿದ ಮುಂಬದಿಯ ಕೆಳಕೋಣೆ, ಅದು ಚಿಕ್ಕದಾದರೂ ಸರಿ. ಬಾಗಿಲು ತೆರೆದರೆ ನಾಲ್ಕು ಹೆಜ್ಜೆಯಲ್ಲಿ ಬಯಲು. ಮೇಲಂತಸ್ತಿನಲ್ಲಿ ಗಾಳಿ ಚೆನ್ನಾಗಿರುತ್ತದೆ, ಆದರೆ ಕಡಿದಾದ ಏಣಿಮೆಟ್ಟಿಲು ಎಂಬತ್ತರ ಮೊಣಕಾಲಿಗೆ ಹೇಳಿದ್ದಲ್ಲ. ನಡುರಾತ್ರಿಯಲ್ಲಂತೂ ಬೇಡವೇ ಬೇಡ. ಕಿಟಿಕಿಗೆ ಕಬ್ಬಿಣದ ಸರಳು ಹಾಕಿದ ಕೋಣೆ ಎಷ್ಟೇ ಅಂದವಾಗಿದ್ದರೂ ಬೇಡವೆನ್ನಬೇಕು. ಜಾರುವ ಗಾಜಿನ ಕಿಟಿಕಿಯಾದರೆ ಒಳಗಿನಿಂದ ಒಂದು ಸಲ ತೆರೆದು ನೋಡಬೇಕು. ಹವಾನಿಯಂತ್ರಣದ ಕೋಣೆಗಳಲ್ಲಿ ವರ್ಷಾನುಗಟ್ಟಲೆ ತೆರೆಯದೆ ಅಂಟಿಹೋದ ಕಿಟಿಕಿಗಳಿರುತ್ತವೆ. ಬಚ್ಚಲಿನ ಹೊಸ್ತಿಲು ಎಷ್ಟು ಎತ್ತರ ಎಂಬುದನ್ನೂ ಕೇಳಲು ಹೇಳಿದೆವು. ಅಜ್ಜಿಯರು ಬೀಳುವುದು ಹೊಳೆಗಿಂತ ಹೆಚ್ಚಾಗಿ ಬಚ್ಚಲಿನಲ್ಲಿ.

ಅವರು ಕೇಳದಿದ್ದರೂ ನಾವು ಸೇರಿಸಿ ಬರೆದ ಇನ್ನೊಂದು ಮಾತಿದೆ. ದೋಣಿಯಲ್ಲಿ ಎಷ್ಟು ಜನ ಏರಬಹುದು, ರಕ್ಷಾಕವಚ ಎಲ್ಲಿದೆ, ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಬರೆದಿರುವ ಫಲಕ ಬಹುತೇಕ ಮಲಯಾಳದಲ್ಲಿ, ಹೆಚ್ಚೆಂದರೆ ಇಂಗ್ಲಿಷಿನಲ್ಲಿ ಇರುತ್ತದೆ. ಪೀಳಮೇಡಿನ ಅಜ್ಜಿಗೆ ಎರಡೂ ಬಾರದು. ಅಷ್ಟು ದೂರ ಏಕೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ನಮ್ಮ ಮನೆಗಳ ಅಜ್ಜಿಯರಿಗೂ ಬಾರದು. ಇದೇ ಜಿಲ್ಲೆಯಲ್ಲಿ ಹುಟ್ಟಿ, ಇದೇ ಜಿಲ್ಲೆಯ ಹೊಳೆಯಲ್ಲಿ ಕುಳಿತಾಗ ಎದುರಿಗಿರುವ ಎಚ್ಚರಿಕೆ ಅವರಿಗೆ ಬರಿಯ ಗೆರೆ. ಕಚೇರಿಯ ಫಲಕಕ್ಕಾಗಿ, ಅರ್ಜಿಯ ನಮೂನೆಗಾಗಿ, ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರಿಗಾಗಿ ನಾವು ಮನವಿಯ ಮೇಲೆ ಮನವಿ ಕೊಟ್ಟಿದ್ದೇವೆ. ಕೋಟಪ್ಪುರದ ಜೆಟ್ಟಿಯಲ್ಲಿ ನಾಲ್ಕು ಸಾಲು ಕನ್ನಡ ಬರೆಸಿ ಎಂದು ಕೇಳುವುದು ಅದಕ್ಕಿಂತ ಕಡಿಮೆ ಅಗತ್ಯದ ಬೇಡಿಕೆಯೇನೂ ಅಲ್ಲ. ತಮಿಳೂ ಇದ್ದರೆ ಇನ್ನೂ ಒಳ್ಳೆಯದು. ಬರುವ ಅತಿಥಿಗಳಲ್ಲಿ ಆ ನಾಡಿನವರು ಕಡಿಮೆಯಿಲ್ಲ.

ಫಲಕ ಬರುವವರೆಗೆ ಬಾಯಿಮಾತೇ ಗತಿ. ದೋಣಿ ಹೊರಡುವ ಮೊದಲು ಸ್ರಾಂಗನನ್ನು ಕರೆದು ಎಲ್ಲವನ್ನೂ ಹೇಳಿಸಿ, ಮನೆಯವರಲ್ಲಿ ಮಲಯಾಳ ಬಲ್ಲ ಒಬ್ಬರು ಅಜ್ಜಿಗೆ ಕನ್ನಡದಲ್ಲಿ ತಿಳಿಸಬೇಕು. ಪೀಳಮೇಡಿನವರ ಜೊತೆ ಆ ಕೆಲಸಕ್ಕೆ ನಾವೇ ಹೋಗುವುದೆಂದು ನಿಶ್ಚಯವಾಗಿದೆ. ದೋಣಿಯ ಪರವಾನಗಿಯಲ್ಲಿ ಎಷ್ಟು ಜನರೆಂದು ಬರೆದಿದೆಯೋ ಅದನ್ನು ಕಣ್ಣಾರೆ ನೋಡಬೇಕು. ಮಕ್ಕಳ ಅಳತೆಯ ರಕ್ಷಾಕವಚ ಬೇರೆಯೇ ಇರುತ್ತದೆ. ದೊಡ್ಡವರದ್ದನ್ನು ತೊಡಿಸಿದರೆ ನೀರಿನಲ್ಲಿ ಮಗು ಕೆಳಗಿನಿಂದ ಜಾರಿಬಿಡುತ್ತದೆ. ಅದು ಎರಡು ಇದೆಯೇ ಎಂದು ವಿಚಾರಿಸಿ, ಇದ್ದರೆ ಮಾತ್ರ ಮುಂಗಡ ಕಳುಹಿಸಿ ಎಂದು ಅವರಿಗೆ ಬರೆದಿದ್ದೇವೆ.