ಬೆಳಗಿನ ಜಾವದ ಎದೆನೋವು
ಮೆಟ್ಟಿಲು ಹತ್ತಿದಾಗ ಎದೆ ಹಿಡಿದುಕೊಳ್ಳುವುದು ಎಲ್ಲರೂ ಕೇಳಿದ ಕಥೆ. ಹಾಯಾಗಿ ಮಲಗಿದವರಿಗೆ ಬೆಳಗಿನ ಜಾವ ನೋವು ಬಂದರೆ? 1959ರಲ್ಲಿ ಲಾಸ್ ಏಂಜಲೀಸ್‌ನ ಹೃದಯತಜ್ಞ ಮೈರನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ವಿವರಿಸಿದ್ದು ಇಂಥ ರೋಗಿಗಳನ್ನೇ.

ಅವರ ಇಸಿಜಿಯೂ ವಿಚಿತ್ರ. ಮೆಟ್ಟಿಲು ಹತ್ತಿದಾಗ ಬರುವ ಮಾಮೂಲಿ ಎದೆನೋವಿನಲ್ಲಿ (ಆಂಜೈನಾ) ಎಸ್‌ಟಿ ಎಂಬ ಭಾಗ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಇಲ್ಲಿ ಥೇಟ್ ಹಾರ್ಟ್ ಅಟ್ಯಾಕ್‌ನಂತೆ ಮೇಲೇರಿತ್ತು. ನೋವು ತಗ್ಗಿದ ಮೇಲೆ ಗೆರೆ ಮತ್ತೆ ತನ್ನ ಜಾಗಕ್ಕೆ.

ಹೃದಯಕ್ಕೆ ರಕ್ತ ಒಯ್ಯುವ ಕರೊನರಿ ಧಮನಿಯ ಗೋಡೆಯಲ್ಲಿರುವ ಸ್ನಾಯು ಸೆಳೆತ ಬಂದು ತಟ್ಟನೆ ಬಿಗಿದುಕೊಳ್ಳುವುದೇ ಇದಕ್ಕೆ ಕಾರಣ. ಹರಿವು ಪೂರ್ತಿ ನಿಂತರೆ ಹೃದಯದ ಗೋಡೆಯ ಇಡೀ ದಪ್ಪವೂ ಆಮ್ಲಜನಕವಿಲ್ಲದೆ ಒದ್ದಾಡುತ್ತದೆ, ಎಸ್‌ಟಿ ಏರುತ್ತದೆ. ಅರೆಬರೆ ನಿಂತರೆ ಇಳಿಯಲೂಬಹುದು. ಕೆಲವೊಮ್ಮೆ ಬಡಿತದ ಲಯವೇ ತಪ್ಪಿ ಜೀವಕ್ಕೆ ಕುತ್ತು ಬರುತ್ತದೆ.

ತೊಡಕೆಂದರೆ, ಬೆಳಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಹೋದರೆ ಇಸಿಜಿ ನಾರ್ಮಲ್. ‘ಗ್ಯಾಸ್ ಇರಬೇಕು’ ಅಂತ ಮನೆಯವರ ತೀರ್ಪು! ಆಗ ಮೈಗೆ ಕಟ್ಟಿಕೊಂಡು ಮಲಗುವ, ಇಸಿಜಿ ದಾಖಲಿಸುತ್ತಲೇ ಇರುವ ಹೋಲ್ಟರ್ ಯಂತ್ರ ನೆರವಾಗುತ್ತದೆ. ಆಂಜಿಯೋಗ್ರಾಮ್ ವೇಳೆ ಅಸಿಟೈಲ್‌ಕೋಲಿನ್ ಕೊಟ್ಟು ಸೆಳೆತವನ್ನು ಕೆಣಕಿ ನೋಡುವುದೂ ಉಂಟು.

ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಸೆಳೆತವನ್ನು ಸಡಿಲಿಸುತ್ತದೆ. ಮರುಕಳಿಸದಂತೆ ಡಿಲ್ಟಿಯಾಜೆಮ್‌ನಂಥ ಮಾತ್ರೆ ಕೊಡುತ್ತಾರೆ. ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ನಸುಕಿನಲ್ಲಿ ಎದೆ ಹಿಂಡಿದರೆ ಬೆಳಗಾಗಲೆಂದು ಕಾಯಬೇಡಿ. ನೋವಿರುವಾಗಲೇ ಇಸಿಜಿ ಮಾಡಿಸಿ.