ಲೇಖನಕ್ಕೆ ಹತ್ತು ಡಾಲರ್: ಕೈಗೆ ಬರುವುದೆಷ್ಟು?

ಬರೆದು ಬದುಕುವುದು ಎಷ್ಟು ಕಷ್ಟ ಎಂಬುದು ಬರೆಯುವವರಿಗೆಲ್ಲ ಗೊತ್ತು. ಗೌರವಧನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗಿರುವಾಗ ‘ಬರೆಯಿರಿ, ಕ್ರಿಪ್ಟೊ ಗಳಿಸಿ’ ಎಂಬ ಮಾತು ಕಿವಿಗೆ ಬಿದ್ದರೆ ಮನಸ್ಸು ಅತ್ತ ವಾಲುವುದು ಸಹಜ. ಇಂಥ ತಾಣಗಳಲ್ಲಿ ಹೆಚ್ಚು ಹೆಸರಾದದ್ದು ಸ್ಟೀಮಿಟ್. ಅದರ ಕತೆ ತಿಳಿದುಕೊಂಡರೆ ಇವುಗಳ ನಾಡಿಮಿಡಿತ ಸಿಕ್ಕಂತೆ.

ಅಮೆರಿಕದ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ 2016ರಲ್ಲಿ ಇದನ್ನು ಕಟ್ಟಿದರು. ಆ ವರ್ಷದ ಜುಲೈ 4ರಂದು ಲೇಖಕರಿಗೆ ಮೊದಲ ಸಂಭಾವನೆ ಹಂಚಿಕೆಯಾಯಿತು. ಜಾಹೀರಾತಿಲ್ಲ, ಚಂದಾ ಇಲ್ಲ. ಮೆಚ್ಚಿದವರು ಅಪ್‌ವೋಟ್ ಒತ್ತಿದರೆ ಸಾಕು, ಲೇಖಕರ ಖಾತೆಗೆ ಸ್ಟೀಮ್ ಎಂಬ ನಾಣ್ಯ ಬಂದು ಬೀಳುತ್ತಿತ್ತು.

ಓದುಗರು ಬಿಡಿಗಾಸನ್ನೂ ಕೊಡದಿದ್ದರೆ ಈ ದುಡ್ಡು ಎಲ್ಲಿಂದ ಬರುತ್ತದೆ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತಂತ್ರಾಂಶ ಹೊಸ ನಾಣ್ಯಗಳನ್ನು ತಾನೇ ಸೃಷ್ಟಿಸುತ್ತಾ ಹೋಗುತ್ತದೆ. ಅದರಲ್ಲೊಂದು ಪಾಲು, ಬಿದ್ದ ಮತಗಳಿಗೆ ತಕ್ಕಂತೆ, ಲೇಖನ ಪ್ರಕಟವಾದ ಏಳು ದಿನಕ್ಕೆ ಹಂಚಿಕೆಯಾಗುತ್ತದೆ. ಆ ನಾಣ್ಯವನ್ನು ಪೇಟೆಯಲ್ಲಿ ಯಾರಾದರೂ ಕೊಂಡರೆ ಮಾತ್ರ ಅದು ಹಣ. ಅಂದರೆ ನಿಮ್ಮ ಸಂಭಾವನೆ ನಿಂತಿರುವುದು ಓದುಗರ ಮೇಲಲ್ಲ, ನಿಮ್ಮ ಒಂದು ಸಾಲನ್ನೂ ಓದದ ನಾಣ್ಯದ ಖರೀದಿದಾರರ ಮೇಲೆ. 2018ರ ಜನವರಿಯಲ್ಲಿ ಒಂದು ಸ್ಟೀಮ್‌ನ ಬೆಲೆ 8 ಡಾಲರ್ ದಾಟಿತ್ತು. ವರ್ಷದ ಕೊನೆಗೆ ಅರ್ಧ ಡಾಲರ್‌ಗಿಂತ ಕೆಳಗಿಳಿದಿತ್ತು. ಬರಹ ಅದೇ, ಶ್ರಮ ಅದೇ. ಕೂಲಿ ಮಾತ್ರ ಹದಿನಾರನೇ ಒಂದು ಪಾಲಿಗಿಂತ ಕಡಿಮೆ. ಆ ನವೆಂಬರಿನಲ್ಲಿ ಕಂಪನಿ ತನ್ನ ಸುಮಾರು 70% ಸಿಬ್ಬಂದಿಯನ್ನು ಮನೆಗೆ ಕಳಿಸಿತು.

ಇನ್ನು ಮತದ ವಿಚಾರ. ನಮ್ಮೂರ ಹಾಲಿನ ಸಹಕಾರ ಸಂಘದಲ್ಲಿ ಎಷ್ಟೇ ಷೇರು ಇರಲಿ, ಸದಸ್ಯನಿಗೆ ಒಂದೇ ಮತ. ಇಲ್ಲಿ ಹಾಗಲ್ಲ, ಯಾರ ಗಂಟಿನಲ್ಲಿ ನಾಣ್ಯ ಹೆಚ್ಚೋ ಅವರ ಮತಕ್ಕೆ ತೂಕ ಹೆಚ್ಚು. ನೂರು ಜನ ಬಡ ಓದುಗರು ಮನಸಾರೆ ಮೆಚ್ಚಿದರೂ ಕೆಲವು ಪೈಸೆ. ‘ತಿಮಿಂಗಿಲ’ ಎಂದು ಕರೆಸಿಕೊಳ್ಳುವ ಒಬ್ಬ ಸಿರಿವಂತ ಒತ್ತಿದರೆ ಹತ್ತಾರು ಡಾಲರ್. ದುಡ್ಡು ಪಡೆದು ಮತ ಹಾಕುವ ಬಾಟ್‌ಗಳೂ ಹುಟ್ಟಿಕೊಂಡವು. ಅಲ್ಲಿಗೆ ಒಳ್ಳೆಯ ಬರಹಕ್ಕೂ ಒಳ್ಳೆಯ ಗಳಿಕೆಗೂ ಇದ್ದ ನಂಟು ಸಡಿಲವಾಯಿತು. ಈ ವ್ಯವಸ್ಥೆಯ ಬಹು ದೊಡ್ಡ ಸೋಲು ಇದೇ ಎಂದು ನನಗೆ ಅನ್ನಿಸುತ್ತದೆ.

2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಕ್ರಿಪ್ಟೊ ಜಾಲದ ಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡರು. ಮಾರ್ಚ್ 2ರಂದು ಮೂರು ಕ್ರಿಪ್ಟೊ ವಿನಿಮಯ ಕೇಂದ್ರಗಳು, ಜಾಲದ ಪ್ರತಿನಿಧಿಗಳ ಆಯ್ಕೆಯಲ್ಲಿ, ಗ್ರಾಹಕರು ಇಟ್ಟಿದ್ದ ನಾಣ್ಯಗಳ ಬಲದಿಂದಲೇ ಸನ್ ಪರ ಮತ ಹಾಕಿದವು. ಜಾಲವನ್ನು ನಡೆಸುತ್ತಿದ್ದ ಪ್ರತಿನಿಧಿಗಳು ಸ್ಥಾನ ಕಳೆದುಕೊಂಡರು. ಒಡೆಯನೇ ಇಲ್ಲದ ವ್ಯವಸ್ಥೆ ಎಂದು ನಂಬಿ ವರ್ಷಗಟ್ಟಲೆ ಬರೆದವರಿಗೆ ಅದು ದೊಡ್ಡ ಪೆಟ್ಟು. ಸಿಡಿದ ಬಳಗ ಮಾರ್ಚ್ 20ರಂದು ಹೈವ್ ಎಂಬ ಬೇರೆ ಜಾಲ ಕಟ್ಟಿಕೊಂಡಿತು.

ಹೈವ್‌ನಲ್ಲಿ ನಿಮ್ಮ ಲೇಖನದ ಕೆಳಗೆ 10 ಡಾಲರ್ ಎಂದು ಕಾಣಿಸುತ್ತಿದೆ ಎಂದುಕೊಳ್ಳಿ. ಅದರಲ್ಲಿ ಅರ್ಧ ಮತ ಹಾಕಿದವರಿಗೇ ಹೋಗುತ್ತದೆ. ನಿಮಗೆ ಉಳಿದ 5 ಡಾಲರ್‌ನಲ್ಲೂ, ಸಾಮಾನ್ಯ ಏರ್ಪಾಡಿನಲ್ಲಿ, ಅರ್ಧ ಹೈವ್ ಪವರ್ ಎಂಬ ಠೇವಣಿಯಾಗಿ ಕೂರುತ್ತದೆ. ಬಿಡಿಸಿಕೊಳ್ಳಲು 13 ವಾರಗಳ ಕಂತು. ಕೂಡಲೇ ಕೈಗೆ ಬರುವುದು ಎರಡೂವರೆ ಡಾಲರ್. ಅದನ್ನೂ ವಿನಿಮಯ ಕೇಂದ್ರಕ್ಕೆ ಸಾಗಿಸಿ, ಶುಲ್ಕ ತೆತ್ತು ರೂಪಾಯಿ ಮಾಡಿಕೊಳ್ಳಬೇಕು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಮಾರಾಟದ ಲಾಭಕ್ಕೆ 30% ತೆರಿಗೆ, ಅದರ ಮೇಲೆ ಸೆಸ್. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆ ಜುಲೈನಿಂದ, ಮಿತಿ ಮೀರಿದ ವಹಿವಾಟಿಗೆ 1% ಟಿಡಿಎಸ್ ಕೂಡ ಇದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಭಾರೀ ಮತವುಳ್ಳವರು ಕನ್ನಡ ಓದುವವರಲ್ಲ. ಜೊತೆಗೆ, ಈ ಜಾಲಗಳ ಶಾಶ್ವತ ದಾಖಲೆಯಾದ ಬ್ಲಾಕ್‌ಚೈನ್‌ಗೆ ಸೇರಿದ ಬರಹವನ್ನು ಪೂರ್ತಿ ಅಳಿಸಲಾಗದು. ತಿದ್ದಿದರೂ ಹಳೆಯ ಪ್ರತಿ ಉಳಿದಿರುತ್ತದೆ. ಅಪ್ರಕಟಿತ ಕತೆಯನ್ನೇ ಕೇಳುವ ವಿಶೇಷಾಂಕದ ಸ್ಪರ್ಧೆಗೆ ಅದನ್ನು ಮತ್ತೆ ಕಳಿಸಲಾಗುವುದಿಲ್ಲ.

ಹಾಗೆಂದು ಇದೆಲ್ಲ ಬರೀ ಮೋಸ ಎನ್ನಲಾರೆ. 2017ರ ಕೊನೆಯ ಏರಿಕೆಯಲ್ಲಿ ಗಳಿಸಿ, ಸಕಾಲಕ್ಕೆ ಮಾರಿದವರಿಗೆ ನಿಜಕ್ಕೂ ಹಣ ಸಿಕ್ಕಿದೆ. ಆದರೆ ಬರವಣಿಗೆಯ ದುಡಿಮೆ ಎಂದು ನೋಡಿದರೆ ಈ ದಾರಿ ಲಾಭದ್ದಲ್ಲ. ಕುತೂಹಲಕ್ಕೆ ಬರೆಯುವುದಾದರೆ ಬರೆಯಿರಿ. ಸಿಕ್ಕಿದ್ದನ್ನು ಬೇಗ ರೂಪಾಯಿ ಮಾಡಿಕೊಳ್ಳಿ, ಖಾತೆಯ ಗುಪ್ತಪದವನ್ನು ಕಾಗದದಲ್ಲಿ ಬರೆದು ಜೋಪಾನ ಮಾಡಿ, ಲೇಖನದ ಪ್ರತಿ ನಿಮ್ಮಲ್ಲೇ ಇರಲಿ. ಮತದ ತೂಕ ಹೆಚ್ಚಿಸಿಕೊಳ್ಳಲು ಮಾತ್ರ ನಿಮ್ಮ ಸಂಬಳದ ಒಂದು ರೂಪಾಯಿಯನ್ನೂ ಹಾಕಬೇಡಿ.